ರಾಣಿಗೆ ಚಳಿ ಹತ್ತಿದ್ದು ಎಲ್ಲಿಂದ? ಒಂದು ಟ್ರೇಲರ್, ನಾಲ್ಕು ರಾತ್ರಿ

ರಾತ್ರಿ ಮೂರೂವರೆ. ಅಕ್ಕ ಬಂದು ಹಿಂಬಾಗಿಲು ಬಡಿದಳು. ಕೈಯಲ್ಲಿ ಟಾರ್ಚ್, ಮೈಮೇಲೆ ಭಾವನ ಸ್ವೆಟರ್. "ರಾಣಿ ನಡುಗ್ತಾ ಇದ್ದಾಳೆ. ನಿಲ್ತಾನೇ ಇಲ್ಲ, ಬಂದು ನೋಡು" ಅಂದಳು.

ರಾಣಿ ಅಂದರೆ ಅವರ ನಾಯಿ. ಹನ್ನೆರಡು ವರ್ಷದ ಹೆಣ್ಣು, ನಾಟಿ ತಳಿ, ತೂಕ 14 ಕೆ.ಜಿ. ಮರಿ ಇದ್ದಾಗ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿಗಳ ನಡುವೆ ಸಿಕ್ಕಿದ್ದು. ಅಂದಿನಿಂದ ಸಮುದ್ರದ ದಂಡೆ ಬಿಟ್ಟು ಘಟ್ಟ ಹತ್ತಿದವಳೇ ಅಲ್ಲ. ಮೈಮೇಲೆ ಗಿಡ್ಡ ಕೂದಲು, ಹೊಟ್ಟೆಯ ಕೆಳಗೆ ಅದೂ ಇಲ್ಲ. ಎರಡು ವರ್ಷದಿಂದ ಹಿಂಗಾಲಿನ ಕೀಲು ನೋವು ಬೇರೆ.

ನಾನು ಶಿರಸಿ ಹತ್ತಿರದ ಹಳ್ಳಿಯವನು. ಸ್ವಲ್ಪ ಅಡಿಕೆ ತೋಟ ಇದೆ. ಹೊಟ್ಟೆಪಾಡಿಗೆ ಮಾಡುವುದು ಸೋಲಾರ್ ಮತ್ತು ಇನ್ವರ್ಟರ್ ಜೋಡಿಸುವ ಕೆಲಸ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಈ ಪ್ರಕರಣದಲ್ಲಿ ಜಾಸ್ತಿ ದಾರಿ ತಪ್ಪಿದವನು ನಾನೇ. ಬ್ಯಾಟರಿ ಗೊತ್ತಿದ್ದವನಿಗೆ ಎಲ್ಲದಕ್ಕೂ ಬ್ಯಾಟರಿಯೇ ಮದ್ದಾಗಿ ಕಾಣುತ್ತದೆ.

ಟ್ರೇಲರ್ ಹೇಗಿತ್ತು

ಭಾವ ನಿವೃತ್ತರಾದ ಮೇಲೆ ಬೊಲೆರೊ ಹಿಂದೆ ಎಳೆದುಕೊಂಡು ಹೋಗುವ ಒಂದು ಟ್ರೇಲರ್ ಮನೆ ಕಟ್ಟಿಸಿದರು. 12 ಅಡಿ ಉದ್ದ, 6 ಅಡಿ ಅಗಲ. ಕಬ್ಬಿಣದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಗೋಡೆಯ ಒಳಗೆ ಒಂದು ಇಂಚು ಥರ್ಮೊಕೋಲ್. ಮನುಷ್ಯರ ಹಾಸಿಗೆ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ. ಮೇಲೆ ಗಾಳಿ ಆಡಲು ಒಂದು ಕಿಂಡಿ. ಒಂದು 100 ಆಂಪಿಯರ್-ಅವರ್ ಬ್ಯಾಟರಿ, ಸಣ್ಣ ಇನ್ವರ್ಟರ್. ನೆಲಕ್ಕೆ 12 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಚಂದದ ವಿನೈಲ್ ಹಾಳೆ. ಅಷ್ಟೇ. ಕಟ್ಟಿಕೊಟ್ಟ ಗ್ಯಾರೇಜಿನವರು ಗೋಡೆಗೆ ಹಾಕಿದ ಥರ್ಮೊಕೋಲ್ ನೆಲಕ್ಕೂ ಹಾಕಲಿಲ್ಲ. ಕೇಳಿದ್ದರೆ ಹಾಕುತ್ತಿದ್ದರೋ ಏನೋ. ಭಾವ ಕೇಳಲಿಲ್ಲ, ಅವರು ಹೇಳಲಿಲ್ಲ.

ಪ್ರಯಾಣ ಚೆನ್ನಾಗಿಯೇ ಆಗಿತ್ತು. ಕಾರವಾರದಿಂದ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ರಾಣಿ ಬೊಲೆರೊದ ಹಿಂದಿನ ಸೀಟಿನಲ್ಲಿ ಅಕ್ಕನ ಜೊತೆ ಕೂತು ಬಂದಳು. ಓಡುತ್ತಿರುವ ಟ್ರೇಲರಿನಲ್ಲಿ ಜೀವ ಇರುವ ಯಾವುದನ್ನೂ ಇಡಬಾರದು ಅನ್ನುವುದು ಭಾವನಿಗೆ ಗೊತ್ತಿತ್ತು. ಘಟ್ಟದ ತಿರುವಿನಲ್ಲಿ ಒಳಗಿನ ಪಾತ್ರೆ, ಸಿಲಿಂಡರ್ ಎಲ್ಲ ಹೇಗೆ ಕುಣಿಯುತ್ತವೆ ಅಂತ ಒಮ್ಮೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ತೊಂದರೆ ಶುರುವಾಗಿದ್ದು ನಿಲ್ಲಿಸುವ ಜಾಗದಿಂದ. ಡಿಸೆಂಬರ್ ಕೊನೆ, ನಮ್ಮಲ್ಲಿ ಅಡಿಕೆ ಗೊನೆ ಕೊಯ್ಯುವ ಕಾಲ. ಅಂಗಳದ ತುಂಬ ಅಡಿಕೆ ಹರಡಿತ್ತು. ಟ್ರೇಲರಿಗೆ ಜಾಗ ಎಲ್ಲಿ? ಕೆಳಗೆ ತೋಟದ ಅಂಚಿನಲ್ಲಿ, ಹಳ್ಳದ ಪಕ್ಕ ಒಂದು ಸಮತಟ್ಟು ಜಾಗ ಇತ್ತು. "ಇಲ್ಲೇ ಚಂದ ಉಂಟು, ನೀರಿನ ಶಬ್ದ ಕೇಳ್ತದೆ" ಅಂತ ಭಾವ ಅಲ್ಲೇ ಗಾಡಿ ಬಿಚ್ಚಿದರು. ನಾನೂ ಹೂಂ ಅಂದೆ.

ಮೊದಲ ರಾತ್ರಿ

ನಾನು ಹೋಗಿ ನೋಡಿದಾಗ ರಾಣಿ ಬಾಗಿಲ ಪಕ್ಕದ ಮೂಲೆಯಲ್ಲಿ ಮುದುಡಿಕೊಂಡು ಮಲಗಿದ್ದಳು. ಕೆಳಗೆ ಒಂದು ಹಳೆಯ ಬೆಡ್‌ಶೀಟ್, ಮೇಲೆ ದಪ್ಪ ರಗ್ಗು. ಮೈ ಬಿಡದೆ ನಡುಗುತ್ತಿತ್ತು. ಕಿವಿ, ಪಾದ ಎರಡೂ ತಣ್ಣಗೆ. ಕರೆದರೆ ಬಾಲ ಅಲ್ಲಾಡಿಸಿದಳು, ಏಳಲಿಲ್ಲ.

ಅಷ್ಟು ಹೊತ್ತಿಗೆ ಆ ಇಬ್ಬರು ಏನೇನು ಮಾಡಿದ್ದರು ಅಂತ ಕೇಳಿದೆ. ಮೊದಲು ಫ್ಯಾನ್ ಹೀಟರ್ ಹಚ್ಚಿದ್ದರು, 1000 ವಾಟಿನದು. ಅರ್ಧ ಗಂಟೆಯೊಳಗೆ ಇನ್ವರ್ಟರ್ ಕೀ ಕೀ ಅಂತ ಕೂಗಿ ಆಫ್ ಆಯಿತು. ಆಮೇಲೆ ಭಾವ ಗ್ಯಾಸ್ ಒಲೆ ಹಚ್ಚಿ, ಬಾಗಿಲು ಕಿಟಕಿ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟಿದ್ದರು. ಮೇಲಿನ ಕಿಂಡಿಗೂ ಬಟ್ಟೆ ತುರುಕಿದ್ದರು.

ನಾನು ಮಾಡಿದ ಮೊದಲ ಕೆಲಸ ಬಾಗಿಲು ಪೂರ್ತಿ ತೆರೆದದ್ದು. ಅಕ್ಕನಿಗೆ ಸಿಟ್ಟು ಬಂತು, ನಾಯಿ ಚಳಿಯಲ್ಲಿ ಸಾಯ್ತಾ ಇದ್ರೆ ಬಾಗಿಲು ತೆಗೀತೀಯಲ್ಲ ಅಂತ. ಆದರೆ ಇದರಲ್ಲಿ ಮುಲಾಜು ಇಲ್ಲ. ಮುಚ್ಚಿದ ಡಬ್ಬಿಯಲ್ಲಿ ಗ್ಯಾಸ್ ಆಗಲಿ, ಇದ್ದಿಲ ಕೆಂಡ ಆಗಲಿ ಉರಿಸಿದರೆ ಆಮ್ಲಜನಕ ಕಡಿಮೆಯಾಗುತ್ತ ಹೋಗುತ್ತದೆ, ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ನಾಯಿಗೆ ಇನ್ನೊಂದು ಅಪಾಯ ಇದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಒಲೆ ಆರಿ ಗ್ಯಾಸ್ ಸೋರಿದರೆ ಅದು ನೆಲದ ಮೇಲೆಯೇ ನಿಲ್ಲುತ್ತದೆ, ಅಂದರೆ ನಾಯಿಯ ಮೂಗಿನ ಮಟ್ಟದಲ್ಲಿ. ಎರಡೂವರೆ ಅಡಿ ಮೇಲೆ ಮಲಗಿದವರಿಗೆ ವಾಸನೆ ಬರುವುದು ತಡ.

ಅಕ್ಕ ಇನ್ನೊಂದು ಕೆಲಸ ಮಾಡುವವಳಿದ್ದಳು. ಕಾಲು ನೋವಿಗೆ ತಾನು ನುಂಗುವ ಐಬುಪ್ರೊಫೆನ್ ಮಾತ್ರೆಯಲ್ಲಿ ಅರ್ಧ ಮುರಿದು ಕೈಯಲ್ಲಿ ಹಿಡಿದಿದ್ದಳು. ಬೇಡ ಅಂದೆ. ಮರುದಿನ ಪಶುವೈದ್ಯರು ಇದಕ್ಕೆ ಚೆನ್ನಾಗಿ ಬೈದರು. ಆ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಬೆಕ್ಕಿಗಾದರೆ ಪ್ಯಾರಾಸಿಟಮಾಲ್ ಕೂಡ ವಿಷ. ಮನುಷ್ಯರ ನೋವಿನ ಮಾತ್ರೆ ಎಷ್ಟು ಸಣ್ಣದಿದ್ದರೂ ಪ್ರಾಣಿಗಳಿಗೆ ಬೇಡ ಅಂದರು.

ರಾಣಿಯನ್ನು ಎತ್ತಿಕೊಂಡು ಮನೆಯೊಳಗೆ ತಂದೆವು. ಬಚ್ಚಲ ಒಲೆಯಲ್ಲಿ ಇನ್ನೂ ಕೆಂಡ ಇತ್ತು, ಹಂಡೆ ಬಿಸಿ ಇತ್ತು. ಅದರಿಂದ ನಾಲ್ಕಡಿ ದೂರ ಗೋಣಿಚೀಲದ ಮೇಲೆ ಮಲಗಿಸಿ, ಮನೆಯಲ್ಲಿದ್ದ ಡಿಜಿಟಲ್ ಥರ್ಮಾಮೀಟರಿನಿಂದ ಗುದದ್ವಾರದಲ್ಲಿ ಜ್ವರ ನೋಡಿದೆ. 37.3 ಡಿಗ್ರಿ ಸೆಲ್ಸಿಯಸ್. ನಮಗಾದರೆ ಅದು ಸರಿ. ನಾಯಿಗೆ ಸಾಮಾನ್ಯ ಮೈಬಿಸಿ 38.3ರಿಂದ 39.2. ಅಂದರೆ ಒಂದು ಡಿಗ್ರಿ ಇಳಿದಿತ್ತು. ಇನ್ನೂ ನಡುಗುತ್ತಿದ್ದಳು ಅನ್ನುವುದೇ ಸಮಾಧಾನ. ನಡುಗುವುದು ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವ ದಾರಿ. ಮೈ ಬೆಚ್ಚಗಾಗದೆ ನಡುಕ ನಿಂತು, ನಾಯಿ ಮಂಕಾಗಿ, ಒಸಡು ಬಿಳಿಚಿಕೊಂಡರೆ ಆಗ ನಿಜವಾಗಿ ಹೆದರಬೇಕು. ಒಂದು ಗಂಟೆಯಲ್ಲಿ 38.2 ಆಯಿತು. ಬೆಳಗಾಗುವಷ್ಟರಲ್ಲಿ ದೋಸೆ ಕೇಳುತ್ತ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಶಿರಸಿಯ ಚಳಿ ಎಂಥ ಚಳಿ, ಹಿಮ ಬೀಳ್ತದಾ?" ಅಂತ ಭಾವ ಆಮೇಲೆ ನಕ್ಕರು. ನಗುವ ಮಾತು ನಿಜ, ಆದರೆ ಲೆಕ್ಕ ಬೇರೆ. ಕಾರವಾರದಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿ ಆಸುಪಾಸು. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಆ ದಿನ ಬೆಳಗ್ಗೆ ಐದೂವರೆಗೆ ಹಳ್ಳದ ಪಕ್ಕ ನಾನೇ ಅಳೆದದ್ದು 11. ಒಂದೇ ದಿನದಲ್ಲಿ ಒಂಬತ್ತು ಡಿಗ್ರಿ ವ್ಯತ್ಯಾಸ. ಅದೂ ಮುದಿ, ಬಡಕಲು, ಗಿಡ್ಡ ಕೂದಲಿನ ನಾಯಿಗೆ.

ಎರಡನೇ ರಾತ್ರಿ: ನನ್ನ ಬ್ಯಾಟರಿ ಪಾಂಡಿತ್ಯ

ಮರುದಿನ ಮಧ್ಯಾಹ್ನ ಶಿರಸಿಯಲ್ಲಿ ವೈದ್ಯರಿಗೆ ತೋರಿಸಿದೆವು. ಕೀಲು ನೋವಿಗೆ ನಾಯಿಗೆಂದೇ ಇರುವ ಔಷಧಿ ಶುರು ಮಾಡಿದರು. ಥೈರಾಯ್ಡ್ ಕಡಿಮೆ ಇದ್ದರೂ ನಾಯಿಗೆ ಚಳಿ ತಡೆಯುವುದಿಲ್ಲ ಅಂತ ರಕ್ತ ಪರೀಕ್ಷೆಗೆ ತೆಗೆದುಕೊಂಡರು. ಅದರಲ್ಲಿ ತೊಂದರೆ ಏನೂ ಬರಲಿಲ್ಲ. "ಬೆಚ್ಚಗಿಡಿ" ಅಂದರು.

ಬೆಚ್ಚಗಿಡುವುದು ನನ್ನ ಇಲಾಖೆ ಅಂದುಕೊಂಡೆ. ಫ್ಯಾನ್ ಹೀಟರ್ ಯಾಕೆ ನಿಂತಿತು ಅನ್ನುವುದು ಬಾಯಿಲೆಕ್ಕ. 12 ವೋಲ್ಟ್, 100 ಆಂಪಿಯರ್-ಅವರ್ ಅಂದರೆ 1200 ವಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಉಳಿದದ್ದು 600. ಇನ್ವರ್ಟರ್ ನುಂಗುವುದನ್ನು ಸೇರಿಸಿದರೆ 1000 ವಾಟ್ ಹೀಟರ್ 1100 ಎಳೆಯುತ್ತದೆ. ಅರ್ಧ ಗಂಟೆಗೆ ಕಥೆ ಮುಗಿಯಿತು. ಅದೇ 40 ವಾಟಿನ ಬಿಸಿ ಪ್ಯಾಡ್ ಆದರೆ ಎಂಟು ಗಂಟೆಗೆ 320 ವಾಟ್-ಅವರ್. ರಾತ್ರಿ ಪೂರ್ತಿ ಬಂದು ಮಿಗುತ್ತದೆ. ಕೋಣೆಯ ಗಾಳಿ ಕಾಯಿಸುವ ಬದಲು ನಾಯಿಯನ್ನೇ ಕಾಯಿಸು. ಲೆಕ್ಕದಲ್ಲಿ ತಪ್ಪಿಲ್ಲ, ಅಲ್ವಾ?

ಸೊಂಟನೋವಿಗೆ ಬಳಸುವ ಬಿಸಿ ಪ್ಯಾಡ್ ಒಂದು ಮನೆಯಲ್ಲಿತ್ತು. ನನ್ನ ಅಂಗಡಿಯಿಂದ 150 ಆಂಪಿಯರ್-ಅವರ್ ಬ್ಯಾಟರಿ ತಂದು ಜೋಡಿಸಿದೆ. ಪ್ಯಾಡ್ ಮೇಲೆ ಒಂದು ಟವೆಲ್, ಅದರ ಮೇಲೆ ರಾಣಿ, ಮೇಲೆ ರಗ್ಗು. ವೈರ್ ಕಚ್ಚದ ಹಾಗೆ ಪೈಪಿನೊಳಗೆ ತೂರಿಸಿದೆ. ಎರಡು ಅಗ್ಗದ ಥರ್ಮಾಮೀಟರ್ ಇಟ್ಟೆ, ಒಂದು ಅಕ್ಕನ ದಿಂಬಿನ ಪಕ್ಕ, ಒಂದು ನೆಲದ ಮೇಲೆ. ಕಿಂಡಿ ಬಾಗಿಲು ಭದ್ರವಾಗಿ ಮುಚ್ಚಿ ಹೆಮ್ಮೆಯಿಂದ ಮನೆಗೆ ಬಂದು ಮಲಗಿದೆ.

ಬೆಳಗ್ಗೆ ಹೋಗಿ ನೋಡಿದರೆ ರಾಣಿ ಪ್ಯಾಡ್ ಬಿಟ್ಟು ಬರೀ ವಿನೈಲ್ ಮೇಲೆ ಮಲಗಿ ನಡುಗುತ್ತಿದ್ದಳು. ತೊಡೆಯ ಮೇಲೆ ಅಂಗೈ ಅಗಲ ಚರ್ಮ ಕೆಂಪಾಗಿತ್ತು. ಮೇಲಿನ ತಗಡಿನಿಂದ ತೊಟ್ಟು ತೊಟ್ಟು ನೀರು. ರಗ್ಗು ಒದ್ದೆ, ಟವೆಲ್ ಒದ್ದೆ. ಅಕ್ಕನ ದಿಂಬಿನ ಹತ್ತಿರದ ಥರ್ಮಾಮೀಟರ್ 17 ತೋರಿಸುತ್ತಿತ್ತು. ನೆಲದ ಮೇಲಿನದು 12.

ಈ ಎರಡು ಅಂಕಿ ನೋಡಿದಾಗಲೇ ನನಗೆ ತಲೆಗೆ ಹೋದದ್ದು. ಒಂದೇ ಡಬ್ಬಿ, ಎರಡು ಊರು. ಭಾವ, ಅಕ್ಕ ಕುಮಟಾದಲ್ಲಿ ಮಲಗಿದ್ದರು, ನಾಯಿ ಘಟ್ಟದ ಮೇಲೆ ಹಳ್ಳದ ಪಕ್ಕ ಮಲಗಿತ್ತು.

ತಣ್ಣನೆಯ ಗಾಳಿ ಭಾರ, ಕೆಳಗೆ ಕೂರುತ್ತದೆ. ಅದು ಒಳಗಿನ ಮಾತು. ಟ್ರೇಲರಿನ ಅಡಿ ಖಾಲಿ, ಅಲ್ಲಿ ರಾತ್ರಿಯಿಡೀ ಗಾಳಿ ಓಡಾಡುತ್ತಿರುತ್ತದೆ. ಮನೆಯ ನೆಲಕ್ಕೆ ಕೆಳಗೆ ಮಣ್ಣಿದೆ, ಇದಕ್ಕೆ ಅದೂ ಇಲ್ಲ. ಇನ್ನು ನಿಲ್ಲಿಸಿದ ಜಾಗ. ನಮ್ಮ ತೋಟಗಳೆಲ್ಲ ತಗ್ಗಿನಲ್ಲಿ ಇರುವುದು ನೀರಿಗಾಗಿ. ರಾತ್ರಿ ಗುಡ್ಡದ ಮೈ ತಣ್ಣಗಾದಂತೆ ಅಲ್ಲಿನ ಗಾಳಿ ಜಾರಿ ಬಂದು ಇದೇ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ನೀರು ತುಂಬಿದ ಹಾಗೆ. ಬೆಳಗ್ಗೆ ಮಂಜು ಎಲ್ಲಿ ನಿಂತಿರುತ್ತದೆ ಅಂತ ನೋಡಿದರೆ ಸಾಕು, ಚಳಿಯ ನಕ್ಷೆ ಅದೇ. ಹುಟ್ಟಿದಾಗಿನಿಂದ ಆ ಮಂಜು ನೋಡುತ್ತ ಬೆಳೆದ ನಾನು ಟ್ರೇಲರನ್ನು ಅದರ ನಡುವೆ ನಿಲ್ಲಿಸಲು ಹೂಂ ಅಂದಿದ್ದೆ.

ನೀರಿನ ವಿಷಯ. ಇಬ್ಬರು ಮನುಷ್ಯರು, ಒಂದು ನಾಯಿ, ರಾತ್ರಿಯಿಡೀ ಉಸಿರು ಬಿಡುತ್ತಾರೆ. ಆ ಉಸಿರಿನ ತೇವ ಹೋಗಲು ದಾರಿ ಇಲ್ಲದಿದ್ದರೆ ತಣ್ಣನೆಯ ತಗಡಿಗೆ ಅಂಟಿ ಹನಿಯಾಗುತ್ತದೆ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರಿದ ಹಾಗೆ. ಹಿಂದಿನ ರಾತ್ರಿ ಭಾವ ಗ್ಯಾಸ್ ಹಚ್ಚಿದ್ದು ಇದಕ್ಕೆ ಇನ್ನಷ್ಟು ನೀರು ಸೇರಿಸಿತ್ತು. ಒಂದು ಕೆ.ಜಿ. ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಹುಟ್ಟುತ್ತದೆ. ನಂಬುವುದು ಕಷ್ಟ, ಆದರೆ ರಸಾಯನಶಾಸ್ತ್ರದ ಲೆಕ್ಕ ಅದು. ರಗ್ಗು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಇರುವ ಒಣ ಗಾಳಿಯಿಂದ. ಅಲ್ಲಿ ನೀರು ಹೊಕ್ಕರೆ ರಗ್ಗು ಎಷ್ಟು ದಪ್ಪ ಇದ್ದರೂ ಒದ್ದೆ ಗೋಣಿಯೇ.

ಪ್ಯಾಡ್ ಕೆಂಪು ಮಾಡಿದ್ದರ ಬಗ್ಗೆ ನನಗೆ ಈಗಲೂ ಬೇಸರ ಇದೆ. ಕೈಗೆ ಹಿತವಾದ ಬಿಸಿ ಗಂಟೆಗಟ್ಟಲೆ ಒಂದೇ ಜಾಗಕ್ಕೆ ತಾಗಿದರೆ ಚರ್ಮ ಸುಡುತ್ತದೆ. ಕೀಲು ನೋವಿನ ನಾಯಿ ಬೇಗ ಮಗ್ಗುಲು ಬದಲಿಸುವುದಿಲ್ಲ. ಹಾಸಿಗೆಯ ಅರ್ಧ ಭಾಗಕ್ಕೆ ಮಾತ್ರ ಬಿಸಿ ಇರಬೇಕಿತ್ತು, ಬೇಡ ಅನ್ನಿಸಿದರೆ ಅವಳು ಇನ್ನರ್ಧಕ್ಕೆ ಸರಿಯುತ್ತಿದ್ದಳು. ನಾನು ಕೊಟ್ಟಿದ್ದು ಎರಡೇ ಆಯ್ಕೆ, ಸುಡುವ ಪ್ಯಾಡ್ ಇಲ್ಲವೇ ತಣ್ಣನೆಯ ವಿನೈಲ್.

ಆಯಿ, ಅಂದರೆ ನಮ್ಮ ತಾಯಿ, ಬಂದು ಟ್ರೇಲರಿನೊಳಗೆ ಇಣುಕಿ ನೋಡಿದಳು. "ಮೇಲೆ ಎಷ್ಟು ಹೊದೆಸಿದ್ರೆ ಎಂತಾ ಆತು? ಅಡಿಗೆ ಎಂತಾ ಹಾಕಿದ್ದೆ?" ಅಂದಳು. ಕೊಟ್ಟಿಗೆಯಲ್ಲಿ ಕರು ಹುಟ್ಟಿದಾಗ ಮೊದಲು ಅಡಿಗೆ ಹುಲ್ಲು ಹಾಕುತ್ತೇವೆ, ಹೊದೆಸುವ ಮಾತು ಆಮೇಲೆ. ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಮೂರನೇ ದಿನ ಕಟ್ಟಿದ ಗೂಡು

ಮೊದಲು ಟ್ರೇಲರನ್ನು ಮೇಲೆ ತಂದೆವು. ಅಂಗಳದ ಒಂದು ಮೂಲೆಯ ಅಡಿಕೆಯನ್ನು ಸರಿಸಿ, ಮನೆಯ ಗೋಡೆಗೆ ತಾಗಿ ನಿಲ್ಲಿಸಿದೆವು. ಹಳ್ಳಕ್ಕಿಂತ ಮೂವತ್ತು ಅಡಿ ಎತ್ತರ ಅಷ್ಟೇ. ಆ ರಾತ್ರಿ ಎರಡೂ ಕಡೆ ಅಳೆದೆ. ಕೆಳಗೆ 11.5, ಮೇಲೆ 14. ಒಂದು ರೂಪಾಯಿ ಖರ್ಚಿಲ್ಲದೆ ಎರಡೂವರೆ ಡಿಗ್ರಿ.

ಆಮೇಲೆ ಟ್ರೇಲರಿನ ಸುತ್ತ ಕೆಳಭಾಗಕ್ಕೆ ಟಾರ್ಪಾಲ್ ಇಳಿಬಿಟ್ಟು, ಅಂಚಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಹೇರಿದೆವು. ಅಡಿಯಲ್ಲಿ ಗಾಳಿ ಓಡುವುದು ನಿಂತಿತು. ಇದು ನೋಡಲು ಚಂದ ಇಲ್ಲ, ಲಂಗ ಉಡಿಸಿದ ಹಾಗೆ ಕಾಣುತ್ತದೆ. ಭಾವನಿಗೆ ಸ್ವಲ್ಪ ನಾಚಿಕೆಯಾಯಿತು. ಇದ್ದಿಲು, ಜನರೇಟರ್ ಏನನ್ನೂ ಆ ಟಾರ್ಪಾಲಿನ ಹತ್ತಿರ ಇಡಬೇಡಿ ಅಂತ ಹೇಳಿದೆ. ಹೊಗೆ ಅಡಿಯಲ್ಲಿ ಸಿಕ್ಕಿಕೊಂಡು ಸಂದಿಯಿಂದ ಒಳಗೆ ಬರುತ್ತದೆ.

ಇನ್ನು ಹಾಸಿಗೆ. ಭಾವ ಅಷ್ಟರಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ಒಂದು ಚೀಲ ದರಕು, ಅಂದರೆ ಒಣಗಿದ ಎಲೆ, ಗುಡಿಸಿಕೊಂಡು ಬಂದಿದ್ದರು. "ಕೊಟ್ಟಿಗೆಗೆ ನೀವು ಹಾಕ್ತೀರಲ್ಲ, ನಾಯಿಗೂ ಆಗ್ತದೆ" ಅಂತ. ಅವರ ತರ್ಕ ಸರಿ ಇತ್ತು. ಒಣ ಎಲೆ ಒಳ್ಳೆಯ ಹಾಸು. ಆದರೆ ಆ ಚೀಲವನ್ನು ನಾನು ಟ್ರೇಲರಿನ ಹತ್ತಿರಕ್ಕೂ ಬಿಡಲಿಲ್ಲ. ಕಾರಣ ಉಣುಗು, ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನವರಿಗೆ ಅದರ ಪರಿಚಯ ಚೆನ್ನಾಗಿದೆ. ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಅದರ ಕಾಲ ನವೆಂಬರ್ ಡಿಸೆಂಬರಿನಿಂದ ಬೇಸಿಗೆಯವರೆಗೆ. ಸಣ್ಣ ಮರಿ ಉಣುಗುಗಳು ಇರುವುದೇ ಈ ಒಣ ಎಲೆಯಲ್ಲಿ. ಅಂದರೆ ಬೆಚ್ಚನೆಯ ಹಾಸು ಬೇಕಾಗುವ ತಿಂಗಳಲ್ಲೇ ದರಕು ಅಪಾಯ. ಕಾಡಂಚಿನಲ್ಲಿ ತಿರುಗಿ ಬಂದ ನಾಯಿಯ ಮೈಮೇಲೂ ಉಣುಗು ಬರುತ್ತದೆ. ಅಕ್ಕ ಅವತ್ತಿನಿಂದ ಪ್ರತಿ ಸಂಜೆ ರಾಣಿಯ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡುತ್ತಾಳೆ. ಉಣುಗಿನ ಔಷಧಿಯನ್ನು ವೈದ್ಯರೇ ಹಾಕಿಕೊಟ್ಟಿದ್ದರು.

ದರಕಿನ ಬದಲು ಭತ್ತದ ಹುಲ್ಲು ತೆಗೆದುಕೊಂಡೆವು. ಒಂದು ದಿನ ಬಿಸಿಲಿಗೆ ಹಾಕಿ, ಗೋಣಿಚೀಲದಲ್ಲಿ ನಾಲ್ಕು ಇಂಚು ದಪ್ಪ ತುಂಬಿ ಹೊಲಿದೆವು. ಮರದ ಹಲಗೆಗೆ ನಾಲ್ಕು ಇಟ್ಟಿಗೆ ಕೊಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿದೆವು. ಹಲಗೆ ಮೇಲೆ ಎರಡು ಅಡಿಕೆ ಹಾಳೆ, ತೇವ ಮೇಲೆ ಬಾರದಿರಲಿ ಅಂತ. ಅದರ ಮೇಲೆ ಹುಲ್ಲಿನ ಗೋಣಿ. ಅದರ ಮೇಲೆ ಒಂದು ಕವಂದಿ.

ಈ ಕವಂದಿಯ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿ ತುಂಡುಗಳಿಂದ ಹೊಲಿಯುವ ಕೌದಿ ಇದು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಿಚಿ 'ಫೂಲ' ಅಂತ ಇಡುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ. ಪದರ ಪದರ ಹತ್ತಿ ಬಟ್ಟೆ, ಒತ್ತೊತ್ತಾದ ಹೊಲಿಗೆ. ನಾಯಿ ಕೆರೆದರೂ ಒಳಗಿನ ಪದರ ಸರಿಯುವುದಿಲ್ಲ, ಒಗೆದರೆ ಒಣಗುತ್ತದೆ. ಪೇಟೆಯ ಸ್ಪಂಜಿನ ನಾಯಿ ಹಾಸಿಗೆ ಒಮ್ಮೆ ಒದ್ದೆಯಾದರೆ ಚಳಿಗಾಲದಲ್ಲಿ ಮೂರು ದಿನ ಒಣಗುವುದಿಲ್ಲ. ಆಯಿ ತನ್ನ ಕವಂದಿ ಕೊಡಲು ಮುಖ ಸಣ್ಣ ಮಾಡಿದಳು, ಆದರೂ ಕೊಟ್ಟಳು.

ಹಾಸಿಗೆಯ ಮೇಲೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿದೆ, ಟಿವಿ ಬಂದ ಪೆಟ್ಟಿಗೆ. ಒಂದು ಬದಿಯಲ್ಲಿ ಮಾತ್ರ ಬಾಗಿಲು ಕೊರೆದು, ಆ ಬಾಗಿಲನ್ನು ಟ್ರೇಲರಿನ ಬಾಗಿಲಿಗೆ ಬೆನ್ನು ಮಾಡಿಟ್ಟೆ. ಇಡೀ ಟ್ರೇಲರನ್ನು ಬಿಸಿ ಮಾಡುವುದು ಬೇಡ, ನಾಯಿಯ ಮೈಬಿಸಿಯೇ ಆ ಸಣ್ಣ ಜಾಗವನ್ನು ಬೆಚ್ಚಗೆ ಮಾಡುತ್ತದೆ.

ಬಿಸಿಗೆ ರಬ್ಬರಿನ ಬಿಸಿನೀರು ಚೀಲ ಎರಡು. ತಲಾ ಒಂದೂವರೆ ಲೀಟರ್, ಬಚ್ಚಲ ಹಂಡೆಯಿಂದ. ಕುದಿಯುವ ನೀರಲ್ಲ, 60 ಡಿಗ್ರಿ ಆಸುಪಾಸು. ದಪ್ಪ ಟವೆಲಿನಲ್ಲಿ ಸುತ್ತಿ ಹಾಸಿಗೆಯ ಒಂದೇ ಬದಿಗೆ. ಮೂರು ಲೀಟರ್ ನೀರು 60ರಿಂದ 30ಕ್ಕೆ ಇಳಿಯುವಾಗ ಬಿಡುವ ಬಿಸಿ ಸುಮಾರು 105 ವಾಟ್-ಅವರ್. ನನ್ನ ಪ್ಯಾಡ್ ಎರಡೂವರೆ ಗಂಟೆಯಲ್ಲಿ ಕೊಡುವಷ್ಟು. ಆದರೆ ಇದು ಇಳಿಯುತ್ತ ಹೋಗುತ್ತದೆ, ಪ್ಯಾಡಿನ ಹಾಗೆ ಒಂದೇ ಸಮ ಸುಡುವುದಿಲ್ಲ. ವೈರ್ ಇಲ್ಲ, ಬ್ಯಾಟರಿ ಇಲ್ಲ. ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲ ಬಿಡಿ.

ಮೇಲಿನ ಕಿಂಡಿಯನ್ನು ಎರಡು ಇಂಚು, ಬಾಗಿಲ ಎದುರಿನ ಕಿಟಕಿಯನ್ನು ಒಂದು ಬೆರಳು ತೆರೆದಿಟ್ಟೆವು. ಇದಕ್ಕೆ ಅಕ್ಕನನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಚಳಿ ಬರುತ್ತದೆ ಅಂತ ಕಿಂಡಿ ಮುಚ್ಚುವುದು, ಮುಚ್ಚಿದ್ದಕ್ಕೆ ಒದ್ದೆಯಾಗುವುದು, ಒದ್ದೆಯಾದ್ದಕ್ಕೆ ಚಳಿ ಹತ್ತುವುದು. ಒಣ ಚಳಿಗೆ ಹೊದ್ದುಕೊಳ್ಳಬಹುದು, ಒದ್ದೆ ಹಾಸಿನ ಬಿಸಿ ಬೆಳಗಿನ ಜಾವದ ತನಕ ಉಳಿಯುವುದಿಲ್ಲ.

ರಾತ್ರಿ ಊಟಕ್ಕೆ ಅನ್ನ ಕೋಳಿ ಸ್ವಲ್ಪ ಜಾಸ್ತಿ, ಕುಡಿಯಲು ಉಗುರುಬೆಚ್ಚಗಿನ ನೀರು. ಚಳಿಗೆ ತಣ್ಣೀರು ಮುಟ್ಟದ ನಾಯಿ ಬೆಚ್ಚಗಿದ್ದರೆ ಕುಡಿಯುತ್ತದೆ. ಮಲಗುವ ಮುಂಚೆ ಮೂತ್ರಕ್ಕೆ ಬಿಟ್ಟು ಕರೆತಂದು, ಇಬ್ಬನಿಯಲ್ಲಿ ನೆನೆದ ಕಾಲು ಹೊಟ್ಟೆ ಒರೆಸಿದರು. ರಾಣಿಗೆ ಹಾಕಿದ್ದ ಸ್ವೆಟರ್ ತೆಗೆದೆವು. ಗೂಡಿನೊಳಗೆ ಅದು ಬೇಡ, ತೊಡೆಸಂದಿಯಲ್ಲಿ ಉಜ್ಜುತ್ತದೆ, ತೇವ ಹಿಡಿದರೆ ಗೊತ್ತೇ ಆಗುವುದಿಲ್ಲ. ಹಗಲು ಹೊರಗೆ ತಿರುಗುವಾಗ ಇರಲಿ.

ಬೆಳಗ್ಗೆ ಐದೂವರೆಗೆ ಅಂಕಿಗಳು: ಹೊರಗೆ 14, ಟ್ರೇಲರಿನ ನೆಲ 15, ಅಕ್ಕನ ದಿಂಬು 17, ರಾಣಿಯ ಗೂಡಿನೊಳಗೆ 23. ಹಾಸಿಗೆ ಒಣಗಿತ್ತು. ನಾಯಿ ಕಾಲು ಚಾಚಿ ಮಲಗಿತ್ತು. ಮುದುಡಿಕೊಂಡ ನಾಯಿಗೆ ಚಳಿ ಇರಬಹುದು, ಚಾಚಿಕೊಂಡ ನಾಯಿಗೆ ಇಲ್ಲ. ಇದಕ್ಕೆ ಥರ್ಮಾಮೀಟರ್ ಬೇಕಿಲ್ಲ.

ಅನುಮಾನ ಉಳಿದದ್ದು ಎಲ್ಲಿ

ಗೆದ್ದೆವು ಅಂತ ಭಾವ ಕೂಗಿದರೂ ನನಗೆ ಒಂದು ಹುಳ ಕೊರೆಯುತ್ತಿತ್ತು. ಒಂದೇ ದಿನ ಆರೇಳು ಬದಲಾವಣೆ ಮಾಡಿದ್ದೆವು. ನೋವಿನ ಔಷಧಿಯೂ ಅಷ್ಟು ಹೊತ್ತಿಗೆ ಹಿಡಿದಿತ್ತು. ಯಾವುದು ಕೆಲಸ ಮಾಡಿತು? ಔಷಧಿ ನಿಲ್ಲಿಸಿ ನೋಡುವ ಹಾಗಿಲ್ಲ. ಹಾಗಾಗಿ ನಾಲ್ಕನೇ ರಾತ್ರಿ ಬಿಸಿನೀರು ಚೀಲ ಮಾತ್ರ ಇಡಲಿಲ್ಲ. ಅಕ್ಕನಿಗೆ ಹೇಳಿಯೇ ಮಾಡಿದ್ದು, ನಡುಗಿದರೆ ತಕ್ಷಣ ಇಡಬೇಕು ಅನ್ನುವ ಷರತ್ತಿನ ಮೇಲೆ. ಗೂಡಿನೊಳಗೆ ಬೆಳಗಿನ ಜಾವ 21 ಇತ್ತು. ರಾಣಿ ನಾಲ್ಕಕ್ಕೆ ಒಮ್ಮೆ ಎದ್ದು, ಸುತ್ತು ಹೊಡೆದು, ಮತ್ತೆ ಮಲಗಿದಳು. ನಡುಗಲಿಲ್ಲ.

ಅಂದರೆ ಬಿಸಿನೀರು ಕೊಟ್ಟದ್ದು ಎರಡು ಡಿಗ್ರಿ. ಉಳಿದದ್ದೆಲ್ಲ ಅಡಿಯ ಹುಲ್ಲು, ಒಣಗಿದ ಹಾಸು, ಪೆಟ್ಟಿಗೆ ಮತ್ತು ಜಾಗದ್ದು. ಔಷಧಿಯ ಪಾಲನ್ನು ನಾನು ಬಿಡಿಸಲಾರೆ. ಒಂದೇ ನಾಯಿ, ನಾಲ್ಕೇ ರಾತ್ರಿ.

ಹೊರಗೆ ಬೆಂಕಿ ಹಾಕಿ ಪಕ್ಕದಲ್ಲಿ ಕಟ್ಟಿದರೆ ಆಗುವುದಿಲ್ಲವೇ ಅಂತ ಪಕ್ಕದ ಮನೆಯವರು ಕೇಳಿದರು. ನಮ್ಮ ಕಡೆ ಅಂಗಳದಿಂದ ಚಿರತೆ ನಾಯಿ ಒಯ್ಯುವುದು ಹೊಸ ಸುದ್ದಿ ಅಲ್ಲ. ಅದಕ್ಕೆ ಬೆಂಕಿಯ ಮಾತು ಅಲ್ಲಿಗೇ ಬಿಟ್ಟೆವು.

ಭಾವನಿಗೆ ಈಗ ಡೀಸೆಲ್ ಹೀಟರಿನ ಆಸೆ ಹತ್ತಿದೆ. ಅದು ಕೆಟ್ಟ ವಸ್ತು ಅಲ್ಲ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಹೊರಗೇ ಬಿಟ್ಟು, ಒಣ ಬಿಸಿ ಗಾಳಿ ಮಾತ್ರ ಒಳಗೆ ಊದುತ್ತದೆ. ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಮಾತ್ರ ಜಾಸ್ತಿ ಕರೆಂಟ್ ಎಳೆಯುತ್ತದೆ, ಆಮೇಲೆ ಸಣ್ಣ ಫ್ಯಾನಿನಷ್ಟು. ಹಿಮಾಲಯದ ಕಡೆ ಹೋಗುವವರಿಗೆ ಬೇಕೇ ಬೇಕು. ಉತ್ತರ ಕನ್ನಡದ ಹತ್ತು ಹನ್ನೆರಡು ಡಿಗ್ರಿಗೆ ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. ಹಾಕಿಸುವುದೇ ಆದರೆ ಹೊಗೆ ಕೊಳವೆ ಟಾರ್ಪಾಲಿನ ಹೊರಗೆ ಬರಲೇಬೇಕು, ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು ಅಂದಿದ್ದೇನೆ. ಅಲಾರಂ ಅಂತೂ ಈಗಲೇ ತರಿಸಿಯಾಗಿದೆ. ನೆಲಕ್ಕೆ ಒಂದೂವರೆ ಇಂಚು ಗಟ್ಟಿ ಫೋಮ್ ಹಾಳೆಯನ್ನು ಕೆಳಗಿನಿಂದ ಕೂರಿಸುವ ಕೆಲಸ ಕಾರವಾರದಲ್ಲಿ ಮುಗಿದಿದೆ, ಬೇರೆ ಗ್ಯಾರೇಜಿನಲ್ಲಿ.

ಜನವರಿ ಮಧ್ಯದಲ್ಲಿ ಅವರು ಜೋಯಿಡಾ ಕಡೆ ಹೋದರು. ಹುಲಿ ಸಂರಕ್ಷಿತ ಕಾಡಿನೊಳಗೆ ನಾಯಿಯನ್ನು ಒಯ್ಯುವುದು ಬೇಡ ಅಂತ ಪರಿಚಯದವರ ಮನೆಯಂಗಳದಲ್ಲೇ ನಿಲ್ಲಿಸಿದ್ದರು. ಬೆಳಗ್ಗೆ ಆರಕ್ಕೆ ಭಾವನ ಫೋನ್.

"ಹೊರಗೆ 12, ನೆಲ 15, ಗೂಡು 23. ರಾಣಿ ಗೊರಕೆ ಹೊಡೀತಾ ಇದ್ದಾಳೆ."

"ಮತ್ತೆ ಫೋನ್ ಯಾಕೆ ಮಾಡಿದ್ರಿ ಭಾವ?"

"ನಿನ್ನ ಅಕ್ಕನಿಗೆ ಚಳಿ ಆಗ್ತದಂತೆ ಮಾರಾಯಾ. ಆಯಿ ಹತ್ರ ಇನ್ನೊಂದು ಕವಂದಿ ಉಂಟಾ ಕೇಳು."